ಕುಂಪಣಿಗೆ ಕಡಿವಾಣ



ಕಳೆದ ವರ್ಷ ಒಂಬತ್ತನೆಯ ಇಯತ್ತೆಯಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನ ಕಥೆಯನ್ನು ಹೇಳುತ್ತಿದ್ದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಕಿತ್ತೂರಿನ ಕೋಟೆಯ ಮುಂದೆ ಮಡಿದುದನ್ನೂ, ಆ ಡಿಸೆಂಬರಿನಲ್ಲಿಯೇ ದೊಡ್ಡ ದಂಡು ಬಂದು ಕೋಟೆಯನ್ನು ಹಿಡಿದುದನ್ನೂ, ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡುದನ್ನೂ ಹೇಳಿ ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಈಸ್ಟ್ ಇಂಡಿಯಾ ಕಂಪನಿ ಎಂದರೆ ವ್ಯಾಪಾರದ ಕಂಪನಿಯಲ್ಲವೇ? ಅಂಗಡಿಯವರಿಗೆ ದಂಡೇಕೆ? ಅಂಗಡಿಯವರು ಕಲೆಕ್ಟರನನ್ನು ನೇಮಿಸುವುದು ಹೇಗೆ?" ಎಂದು ಕೇಳಿದಳು.

ತರಗತಿಯಲ್ಲಿ ನಗೆಯೆದ್ದಿತು. ಆದರೆ ಪ್ರಶ್ನೆ ನಗುವಂಥದಾಗಿರಲಿಲ್ಲ. ನಮ್ಮ ಹಿರಿಯರು 'ಕುಂಪಣಿ ಸರಕಾರ' ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ಮಾತಿನಲ್ಲಿ ಕೂಡಬಾರದ ಎರಡು ವಸ್ತುಗಳು ಕೂಡಿವೆ. ಕುಂಪಣಿಯು ಸರಕಾರವಾದುದು ಹೇಗೆ? ಮತ್ತೊಮ್ಮೆ ಹಾಗಾಗದಂತೆ ಸಮಾಜವು ಏನು ಮಾಡಬೇಕು? ಅಂದು ಗಂಟೆ ಬಾರಿಸಿದುದರಿಂದ ಹೇಳಲಾಗದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಂಪನಿ ಎಂದರೇನು ಎಂಬುದನ್ನು ತಿಳಿಯೋಣ. ಒಬ್ಬನು ತನ್ನ ಹಣದಿಂದ ಕಿರಾಣಿ ಅಂಗಡಿಯನ್ನಿಟ್ಟರೆ ಲಾಭವೂ ಅವನದೇ, ನಷ್ಟವೂ ಅವನದೇ. ಸಾಲವಾದರೆ ಮನೆಮಾರು ಮಾರಿಯಾದರೂ ತೀರಿಸಬೇಕು. ಆದರೆ ಹಡಗು ಕಟ್ಟುವುದು, ರೈಲುಹಾದಿ ಹಾಕುವುದು, ಗಿರಣಿ ನಡೆಸುವುದು ಒಬ್ಬನ ಕೈಯಲ್ಲಾಗುವ ಕೆಲಸವಲ್ಲ. ಆಗ ನೂರಾರು ಜನರು ತಮ್ಮ ಹಣವನ್ನು ಪಾಲುಗಳ ರೂಪದಲ್ಲಿ ಹಾಕುತ್ತಾರೆ. ಹನಿಗೂಡಿ ಹಳ್ಳವಾಗುತ್ತದೆ. ಹೀಗೆ ಕೂಡಿದ ಬಂಡವಾಳಕ್ಕೆ ಕಾನೂನು ಒಂದು ಹೆಸರನ್ನೂ ಒಂದು ಮೊಹರನ್ನೂ ಕೊಟ್ಟು, ಅದನ್ನು ಒಬ್ಬ ವ್ಯಕ್ತಿಯೆಂದೇ ಭಾವಿಸುತ್ತದೆ. ಈ ವ್ಯಕ್ತಿಯು ಆಸ್ತಿ ಕೊಳ್ಳಬಹುದು, ಸಾಲ ಮಾಡಬಹುದು, ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಆದರೆ ಅದಕ್ಕೆ ಹಸಿವಿಲ್ಲ, ಮುಪ್ಪಿಲ್ಲ, ಸಾವಿನ ಭಯವಿಲ್ಲ. ಪಾಲುದಾರರು ಸತ್ತರೂ ಕಂಪನಿ ಬದುಕಿರುತ್ತದೆ.

ಇದರ ಮೇಲೆ ಇನ್ನೊಂದು ಸೌಲಭ್ಯವೂ ಸೇರಿತು. ಕಂಪನಿಯು ಮುಳುಗಿದರೆ ಪಾಲುದಾರನು ತಾನು ಹಾಕಿದ ಹಣವನ್ನಷ್ಟೇ ಕಳೆದುಕೊಳ್ಳುತ್ತಾನೆ. ಸಾಲಗಾರರು ಅವನ ಮನೆಯ ಬಾಗಿಲಿಗೆ ಬರುವಂತಿಲ್ಲ. ಇದಕ್ಕೆ ಪರಿಮಿತ ಹೊಣೆ ಎಂದು ಹೆಸರು. ಇಂಗ್ಲೆಂಡಿನಲ್ಲಿ 1855ರಲ್ಲಿಯೂ ಹಿಂದುಸ್ಥಾನದಲ್ಲಿ 1857ರಲ್ಲಿಯೂ ಸಾಮಾನ್ಯ ಕಂಪನಿಗಳಿಗೆ ಈ ಸೌಲಭ್ಯ ಕಾನೂನಿನಿಂದ ದೊರೆಯಿತು. ಇದರಿಂದ ಜನರು ಧೈರ್ಯವಾಗಿ ಹಣ ಹೂಡಿದರು. ದೊಡ್ಡ ಉದ್ಯಮಗಳು ಬೆಳೆದವು. ಅದು ನಿಜ. ಆದರೆ ಲಾಭಕ್ಕೆ ಮಿತಿಯಿಲ್ಲ, ಹೊಣೆಗೆ ಮಾತ್ರ ಮಿತಿಯುಂಟು ಎಂಬ ಈ ಏರ್ಪಾಡನ್ನು ನಾವು ಮರೆಯಬಾರದು.

ನನಗೆ ಇದು ಪುಸ್ತಕದಿಂದ ತಿಳಿದ ಮಾತಲ್ಲ. ನನ್ನ ಸೋದರಮಾವ ಈ ನಗರದ ಒಂದು ಹೋಟೆಲಿನಲ್ಲಿ ದುಡಿಯುತ್ತಿದ್ದರು. ಮಗಳ ಮದುವೆಗೆಂದು ತಿಂಗಳು ತಿಂಗಳು ಉಳಿಸಿದ ಹಣವನ್ನು ಹೆಚ್ಚಿನ ಬಡ್ಡಿಯ ಆಸೆಯಿಂದ ಒಂದು ಹಣಕಾಸಿನ ಕಂಪನಿಯಲ್ಲಿ ಇಟ್ಟರು. ಒಂದು ದಿನ ಅದರ ಬಾಗಿಲಿಗೆ ಬೀಗ ಬಿದ್ದಿತು. ಹೆಸರಿನ ಫಲಕ ಮಾತ್ರ ಮೇಲೆ ಹೊಳೆಯುತ್ತಿದ್ದಿತು. ವಕೀಲರು ಕಾಗದಗಳನ್ನು ನೋಡಿ, "ಸಾಲ ಕಂಪನಿಯದು, ಕಂಪನಿಯಲ್ಲಿ ಈಗ ಏನೂ ಉಳಿದಿಲ್ಲ" ಎಂದರು. ಮಾವ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನನ್ನ ಹಣವನ್ನು ಕೈಯಾರೆ ಎಣಿಸಿಕೊಂಡವರು ಯಾರು?" ಎಂದು ಕೇಳಿದರು. ಕಂಪನಿಗಳ ಕುರಿತು ನಾನು ಓದಲಾರಂಭಿಸಿದುದು ಆ ಪ್ರಶ್ನೆಯಿಂದಲೇ.

ಈಗ ಕುಂಪಣಿಯ ಕಥೆಗೆ ಬರೋಣ. 1600ನೆಯ ಇಸವಿಯ ಡಿಸೆಂಬರ್ 31ರಂದು ಇಂಗ್ಲೆಂಡಿನ ರಾಣಿ ಎಲಿಝಬೆತ್ ಲಂಡನ್ನಿನ ಕೆಲವು ವ್ಯಾಪಾರಿಗಳ ಕೂಟಕ್ಕೆ ಒಂದು ಸನ್ನದನ್ನು ಕೊಟ್ಟಳು. ಹದಿನೈದು ವರ್ಷಗಳ ವರೆಗೆ ಪೂರ್ವ ದೇಶಗಳ ವ್ಯಾಪಾರವನ್ನು ಈ ಕೂಟದವರಲ್ಲದೆ ಬೇರೆ ಇಂಗ್ಲಿಷರು ಮಾಡಕೂಡದು ಎಂಬುದೇ ಅದರ ತಿರುಳು. ಪೈಪೋಟಿಯಿಲ್ಲದ ವ್ಯಾಪಾರಕ್ಕೆ ಏಕಸ್ವಾಮ್ಯ ಎನ್ನುತ್ತೇವೆ. ಕುಂಪಣಿಯು ಹುಟ್ಟುವಾಗಲೇ ಈ ವರವನ್ನು ಪಡೆದಿದ್ದಿತು. ಮುಂದೆ ಸನ್ನದುಗಳು ನವೀಕರಣಗೊಂಡವು. ಕೋಟೆ ಕಟ್ಟುವ, ಸೈನ್ಯವಿಡುವ, ನ್ಯಾಯ ನಡೆಸುವ ಅಧಿಕಾರಗಳೂ ಒಂದೊಂದಾಗಿ ಬಂದು ಸೇರಿದವು.

ನೀವು ಓದುತ್ತಿರುವ ಈ ಮುಂಬಯಿಯೇ ಆ ಕಥೆಯ ಒಂದು ಅಧ್ಯಾಯ. ಪೋರ್ತುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾದ ಎರಡನೆಯ ಚಾರ್ಲ್ಸ್ ದೊರೆಗೆ 1661ರ ಒಪ್ಪಂದದಂತೆ ಮುಂಬಯಿ ವರದಕ್ಷಿಣೆಯಾಗಿ ಬಂದಿತು. ಅವನು 1668ರಲ್ಲಿ ಅದನ್ನು ಕುಂಪಣಿಗೆ ವರ್ಷಕ್ಕೆ ಹತ್ತು ಪೌಂಡುಗಳ ಬಾಡಿಗೆಗೆ ಕೊಟ್ಟುಬಿಟ್ಟನು! ದ್ವೀಪದಲ್ಲಿದ್ದ ಕೋಳಿಗಳನ್ನಾಗಲಿ, ಭಂಡಾರಿಗಳನ್ನಾಗಲಿ, ರೈತರನ್ನಾಗಲಿ ಯಾರೂ ಕೇಳಲಿಲ್ಲ.

ನಿಜವಾದ ಅನರ್ಥವು ಬಂಗಾಲದಲ್ಲಿ ನಡೆಯಿತು. 1757ರಲ್ಲಿ ಪ್ಲಾಸಿಯ ಯುದ್ಧ, 1764ರಲ್ಲಿ ಬಕ್ಸಾರಿನ ಯುದ್ಧ; ಆ ಬಳಿಕ 1765ರಲ್ಲಿ ಬಾದಶಹ ಎರಡನೆಯ ಶಾಹ ಆಲಮನು ಬಂಗಾಲ, ಬಿಹಾರ, ಒಡಿಸ್ಸಾಗಳ ದಿವಾನಿಯನ್ನು, ಅಂದರೆ ಕಂದಾಯ ವಸೂಲಿಯ ಹಕ್ಕನ್ನು, ಕುಂಪಣಿಗೆ ಬರೆದುಕೊಟ್ಟನು. ಅವನಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಸಲ್ಲತಕ್ಕದ್ದೆಂದು ಗೊತ್ತಾಯಿತು. ಅಂದಿನಿಂದ ಕುಂಪಣಿಯು ನೆಲದ ಕಂದಾಯವನ್ನು ಎತ್ತಿ, ಅದೇ ಹಣದಿಂದ ಈ ದೇಶದ ಬಟ್ಟೆ ರೇಷ್ಮೆಗಳನ್ನು ಕೊಂಡು ಲಂಡನ್ನಿನಲ್ಲಿ ಮಾರತೊಡಗಿತು. ಕೊಳ್ಳುವವನೂ ಅವನೇ, ಕಂದಾಯ ವಸೂಲು ಮಾಡುವವನೂ ಅವನೇ, ನೇಕಾರನು ದೂರು ತಂದರೆ ಕೇಳುವವನೂ ಅವನೇ ಆದಾಗ ನ್ಯಾಯವೆಲ್ಲಿಂದ ಬರಬೇಕು?

1769ರಲ್ಲಿ ಮಳೆ ಹೋಯಿತು. 1770ರಲ್ಲಿ ಬಂಗಾಲದಲ್ಲಿ ಘೋರ ಕ್ಷಾಮ ಬಿದ್ದಿತು. ಪ್ರಾಂತದ ಜನರಲ್ಲಿ ಮೂರರಲ್ಲೊಂದು ಪಾಲಿನಷ್ಟು ಮಂದಿ ಸತ್ತಿರಬೇಕೆಂದು ಗವರ್ನರ್ ವಾರನ್ ಹೇಸ್ಟಿಂಗ್ಸ್ ತಾನೇ 1772ರಲ್ಲಿ ಅಂದಾಜು ಮಾಡಿ ಬರೆದನು. ಅದೇ ಪತ್ರದಲ್ಲಿ ಇನ್ನೊಂದು ಸಂಗತಿಯೂ ಉಂಟು: 1771ರ ಕಂದಾಯದ ವಸೂಲಿಯು ಕ್ಷಾಮಕ್ಕೆ ಮೊದಲಿನ 1768ರ ವಸೂಲಿಯನ್ನು ಮೀರಿದ್ದಿತು. ಜನರು ಕಡಿಮೆಯಾದರು, ಕಂದಾಯ ಹೆಚ್ಚಿತು. ಉಳಿದವರಿಂದ ಸತ್ತವರ ಪಾಲನ್ನೂ ಎಳೆದುಕೊಳ್ಳಲಾಯಿತು. ಲಂಡನ್ನಿನಲ್ಲಿ ಪಾಲುದಾರರ ಲಾಭಾಂಶವು ಆ ಕಾಲದಲ್ಲಿಯೇ ಶೇಕಡಾ 12½ಕ್ಕೆ ಏರಿತು.

ಮಿತ್ರರೇ, ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿರಿ. ಆ ಪಾಲುದಾರರೆಲ್ಲರೂ ರಾಕ್ಷಸರಾಗಿದ್ದರೇ? ಇಲ್ಲ. ಅವರಲ್ಲಿ ಪಾದ್ರಿಗಳಿದ್ದರು, ವಿಧವೆಯರಿದ್ದರು, ದಯಾವಂತರಾದ ಗೃಹಸ್ಥರಿದ್ದರು. ಅವರಲ್ಲಿ ಹೆಚ್ಚಿನವರು ಬಂಗಾಲವನ್ನು ನೋಡಿದವರಲ್ಲ. ಲೆಡನ್‌ಹಾಲ್ ಬೀದಿಯ ಕಚೇರಿಯಿಂದ ಬರುವ ಲಾಭದ ಅಂಕಿಯೊಂದೇ ಅವರಿಗೆ ಕಾಣುತ್ತಿದ್ದಿತು. ನಿರ್ದೇಶಕರಿಗೆ ಪಾಲುದಾರರನ್ನು ತೃಪ್ತಿಪಡಿಸಬೇಕಾಗಿದ್ದಿತು. ಇಲ್ಲಿಯ ಅಧಿಕಾರಿಗಳಿಗೆ ನಿರ್ದೇಶಕರನ್ನು ತೃಪ್ತಿಪಡಿಸಬೇಕಾಗಿದ್ದಿತು. ಪ್ರತಿಯೊಬ್ಬನೂ ತನ್ನ ಮೇಲಿನವನಿಗೆ ಲೆಕ್ಕ ಒಪ್ಪಿಸಿದನು. ಕ್ಷಾಮದಲ್ಲಿ ಸತ್ತವನಿಗೆ ಲೆಕ್ಕ ಒಪ್ಪಿಸಬೇಕಾದವನು ಒಬ್ಬನೂ ಇರಲಿಲ್ಲ. ದೊಡ್ಡ ಕಂಪನಿಯ ಶಕ್ತಿಯಲ್ಲಿರುವ ಮುಖ್ಯ ಅಪಾಯವು ಇದೇ. ಅದು ಕೆಟ್ಟ ಮನುಷ್ಯರನ್ನು ಕಾಯುವುದಿಲ್ಲ. ಒಳ್ಳೆಯ ಮನುಷ್ಯರಿಂದಲೂ ಕೆಟ್ಟ ಕೆಲಸ ನಡೆಯುವಂತೆ ಹೊಣೆಯನ್ನು ಹಂಚಿ ಹಂಚಿ ಕರಗಿಸಿಬಿಡುತ್ತದೆ.

ಇಂಗ್ಲೆಂಡಿನ ಪಾರ್ಲಿಮೆಂಟು ಇದನ್ನು ತಡೆಯಲಿಲ್ಲವೇ ಎಂದು ನೀವು ಕೇಳಬಹುದು. ಪಾರ್ಲಿಮೆಂಟಿನ ಅನೇಕ ಸದಸ್ಯರೇ ಕುಂಪಣಿಯ ಪಾಲುದಾರರಾಗಿದ್ದರು. ಅದಕ್ಕೂ ಮುಂಚೆ, 1695ರಲ್ಲಿ, ಕುಂಪಣಿಯು ಸನ್ನದಿನ ಆಸೆಗಾಗಿ ಲಂಚ ಹಂಚಿದುದು ವಿಚಾರಣೆಯಲ್ಲಿ ಹೊರಬಿದ್ದು ದೊಡ್ಡ ಹಗರಣವಾಗಿದ್ದಿತು. ಬೇಲಿಯೇ ಎದ್ದು ಹೊಲ ಮೇಯುವಾಗ ಕಾಯುವವರು ಯಾರು? ಕೊನೆಗೆ ಪಾರ್ಲಿಮೆಂಟು ಎಚ್ಚತ್ತುದು ಬಂಗಾಲದ ಹಸಿವಿಗಾಗಿ ಅಲ್ಲ, ಕುಂಪಣಿಯು ದಿವಾಳಿಯ ಅಂಚಿಗೆ ಬಂದು ಸರಕಾರದ ಮುಂದೆ ಕೈಚಾಚಿದಾಗ. 1773ರಲ್ಲಿ 14 ಲಕ್ಷ ಪೌಂಡುಗಳ ಸಾಲವನ್ನು ಕೊಟ್ಟು, ಅದರ ಜೊತೆಯಲ್ಲಿಯೇ ರೆಗ್ಯುಲೇಟಿಂಗ್ ಶಾಸನವೆಂಬ ಮೊದಲ ಕಡಿವಾಣವನ್ನು ಹಾಕಲಾಯಿತು. ಕುಂಪಣಿಯ ಚಹಾ ಮಾರಾಟವಾಗಲೆಂದು ಅದೇ ವರ್ಷ ಮಾಡಿದ ಇನ್ನೊಂದು ಕಾನೂನು ಅಮೆರಿಕದ ಜನರನ್ನು ರೇಗಿಸಿತು. ಡಿಸೆಂಬರ್ 16ರಂದು ಬೋಸ್ಟನ್ ಬಂದರದಲ್ಲಿ ಅವರು 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಎಸೆದರು.

1784ರಲ್ಲಿ ಕುಂಪಣಿಯ ರಾಜ್ಯಕಾರಭಾರದ ಮೇಲೆ ಸರಕಾರದ ಒಂದು ನಿಯಂತ್ರಣ ಮಂಡಳಿ ಬಂದಿತು. ಎಡ್ಮಂಡ್ ಬರ್ಕ್ ಎಂಬ ಮುತ್ಸದ್ದಿಯು ಹೇಸ್ಟಿಂಗ್ಸನ ಮೇಲೆ ಆರೋಪ ಹೊರಿಸಿ ಪಾರ್ಲಿಮೆಂಟಿನಲ್ಲಿ 1788ರಿಂದ ಏಳು ವರ್ಷ ವಿಚಾರಣೆ ನಡೆಯುವಂತೆ ಮಾಡಿದನು. ಹೇಸ್ಟಿಂಗ್ಸ್ 1795ರಲ್ಲಿ ಬಿಡುಗಡೆ ಹೊಂದಿದನು. 1813ರಲ್ಲಿ ಹಿಂದುಸ್ಥಾನದ ವ್ಯಾಪಾರದ ಏಕಸ್ವಾಮ್ಯವು ಬಹುಮಟ್ಟಿಗೆ ಹೋಯಿತು. 1833ರಲ್ಲಿ ವ್ಯಾಪಾರವೇ ನಿಂತಿತು. ಆದರೂ ಪಾಲುದಾರರಿಗೆ ಶೇಕಡಾ 10½ರ ಲಾಭಾಂಶವನ್ನು ಈ ದೇಶದ ಕಂದಾಯದಿಂದ ಕೊಡತಕ್ಕದ್ದೆಂದು ಶಾಸನ ಮಾಡಿದರು. ವ್ಯಾಪಾರವಿಲ್ಲದ ವ್ಯಾಪಾರಿಗೆ ಲಾಭ ಕೊಟ್ಟವನು ನಮ್ಮ ರೈತ! 1858ರಲ್ಲಿ ರಾಜ್ಯವು ರಾಣಿಯ ಸರಕಾರಕ್ಕೆ ಹೋಯಿತು. 1874ರಲ್ಲಿ ಕುಂಪಣಿಯು ಹೆಸರಿಗೂ ಉಳಿಯದೆ ಮುಗಿಯಿತು.

ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಕಡಿವಾಣವು ಕುದುರೆ ಓಡಿಹೋದ ಮೇಲೆ ಬಂದರೆ ಪ್ರಯೋಜನವಿಲ್ಲ ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಮುಖ್ಯವಾದುದು: ಕಡಿವಾಣವು ಯಾರ ಕೈಯಲ್ಲಿದೆ ಎಂಬುದನ್ನು ನೋಡಬೇಕು. 1858ರಲ್ಲಿ ಕುಂಪಣಿ ಹೋಗಿ ಸರಕಾರ ಬಂದರೂ ನಮಗೆ ಸ್ವಾತಂತ್ರ್ಯ ಬರಲಿಲ್ಲ. ಏಕೆಂದರೆ ಆ ಸರಕಾರವನ್ನು ಆರಿಸಿದವರು ನಾವಲ್ಲ. ಪರಿಣಾಮವನ್ನು ಅನುಭವಿಸುವವನ ಕೈಯಲ್ಲಿ ಹಗ್ಗದ ಒಂದು ತುದಿಯಾದರೂ ಇಲ್ಲದಿದ್ದರೆ ಎಂಥ ಶಾಸನವೂ ಕಾಗದವಾಗಿಯೇ ಉಳಿಯುತ್ತದೆ.

ಹಗ್ಗದ ತುದಿಯನ್ನು ಹಿಡಿದವರ ಕಥೆಯೂ ಇದೇ ನಗರದಲ್ಲುಂಟು. ಕಾವಸಜಿ ದಾವರ ಎಂಬ ಪಾರಸಿ ಗೃಹಸ್ಥರು 1854ರಲ್ಲಿ ಪಾಲುಬಂಡವಾಳದ ಕಂಪನಿಯನ್ನು ಕಟ್ಟಿ ತಾರದೇವದಲ್ಲಿ ಹತ್ತಿಯ ಗಿರಣಿಯನ್ನು ಸ್ಥಾಪಿಸಿದರು. ಮುಂದೆ ಗಿರಣಿಗಳ ಹೊಗೆಗೊಳವೆಗಳು ಪರಳದಿಂದ ಭಾಯಖಳದ ವರೆಗೆ ಎದ್ದುನಿಂತವು. ಸಾವಿರಾರು ಜನರಿಗೆ ಅನ್ನ ದೊರೆಯಿತು; ಅದನ್ನು ಅಲ್ಲಗಳೆಯಲಾಗದು. ಆದರೆ ಸೂರ್ಯೋದಯದಿಂದ ಸೂರ್ಯಾಸ್ತದ ವರೆಗೆ ದುಡಿಮೆ, ಊಟಕ್ಕೆ ಸ್ವಲ್ಪವೇ ಬಿಡುವು. ಚಿಕ್ಕ ಮಕ್ಕಳೂ ದುಡಿಯಬೇಕು. 1881ರ ಮೊದಲ ಕಾರಖಾನೆ ಶಾಸನವು ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು, ಏಳರಿಂದ ಹನ್ನೆರಡು ವರ್ಷದವರನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದು ಹೇಳಿತು. ಅದೇ ದೊಡ್ಡ ಸುಧಾರಣೆಯೆನಿಸಿದ್ದಿತು! ನಿಮ್ಮ ತಮ್ಮ ತಂಗಿಯರ ಮುಖವನ್ನು ನೆನೆದು ಈ ವಾಕ್ಯವನ್ನು ಮತ್ತೊಮ್ಮೆ ಓದಿರಿ. ಇಷ್ಟಕ್ಕೂ ಇಲ್ಲಿಯ ಅಗ್ಗದ ಬಟ್ಟೆಗೆ ಹೆದರಿದ ಲ್ಯಾಂಕಶಾಯರಿನ ಗಿರಣಿಯವರ ಒತ್ತಾಯವೂ ಈ ಶಾಸನಕ್ಕೆ ಒಂದು ಕಾರಣವಾಗಿದ್ದಿತು. ದಯೆಯಿಂದಷ್ಟೇ ಕಾನೂನು ಹುಟ್ಟುವುದಿಲ್ಲ.

ಆಗ ನಾರಾಯಣ ಮೇಘಾಜಿ ಲೋಖಂಡೆ ಎಂಬವರು ಕೆಲಸಗಾರರನ್ನು ಸೇರಿಸಿದರು. ಮಹಾತ್ಮಾ ಜೋತಿಬಾ ಫುಲೆಯವರ ಸಂಗಡಿಗರವರು. 1884ರಲ್ಲಿ ಸಾವಿರಾರು ಗಿರಣಿಗಾರರ ರುಜುವಿನೊಡನೆ ಬೇಡಿಕೆಯನ್ನು ಬರೆದರು: ವಾರಕ್ಕೊಂದು ದಿನ ರಜೆ ಬೇಕು, ಮಧ್ಯಾಹ್ನ ಅರ್ಧ ಗಂಟೆ ವಿರಾಮ ಬೇಕು, ಸಂಬಳವು ಗೊತ್ತಾದ ತಾರೀಖಿಗೆ ಸಿಕ್ಕಬೇಕು. ಆರು ವರ್ಷಗಳ ಬಳಿಕ, 1890ರಲ್ಲಿ, ಮುಂಬಯಿಯ ಗಿರಣಿಯ ಮಾಲಿಕರು ಭಾನುವಾರದ ರಜೆಯನ್ನು ಒಪ್ಪಿದರು. ಈ ನಗರದ ಕೆಲಸಗಾರನಿಗೆ ಭಾನುವಾರವು ತಾನಾಗಿಯೇ ಬಂದುದಲ್ಲ. ಬರೆಯಲು ಬಾರದವರು ಹೆಬ್ಬೆಟ್ಟೊತ್ತಿ ಪಡೆದುದು.

ಸ್ವತಂತ್ರ ಭಾರತವು ತನ್ನ ಸಂವಿಧಾನದ 39ನೆಯ ಅನುಚ್ಛೇದದಲ್ಲಿ, ಸಂಪತ್ತೂ ಉತ್ಪಾದನೆಯ ಸಾಧನಗಳೂ ಸಾರ್ವಜನಿಕರಿಗೆ ಹಾನಿಯಾಗುವಂತೆ ಕೆಲವರಲ್ಲಿಯೇ ಕೂಡಿಬೀಳದಂತೆ ಆರ್ಥಿಕ ವ್ಯವಸ್ಥೆಯು ನಡೆಯಬೇಕೆಂದು ರಾಜ್ಯಕ್ಕೆ ನಿರ್ದೇಶವಿತ್ತಿದೆ. ಅದಕ್ಕನುಸಾರ 1969ರಲ್ಲಿ ಏಕಸ್ವಾಮ್ಯವನ್ನು ತಡೆಯುವ ಶಾಸನ ಬಂದಿತು. ಆ ಕಾಲದ ಪರವಾನಗಿಗಳ ಪದ್ಧತಿಯಿಂದ ಬೇರೊಂದು ತೊಡಕು ಹುಟ್ಟಿತು: ಪರವಾನಗಿ ಪಡೆದ ದೊಡ್ಡವರೇ ಹೊಸಬರು ಬಾರದಂತೆ ಬಾಗಿಲು ಹಾಕಿಕೊಂಡರು. ಆದುದರಿಂದ ಸರಕಾರದ ಹಿಡಿತವೆಲ್ಲವೂ ಜನರ ಹಿಡಿತವೆಂದು ತಿಳಿಯಬಾರದು. ಆ ಶಾಸನದ ಸ್ಥಾನದಲ್ಲಿ ಈಗ 2002ರ ಸ್ಪರ್ಧಾ ಕಾನೂನು ಇದೆ. ಕಂಪನಿ ದೊಡ್ಡದಾಗುವುದು ಅಪರಾಧವಲ್ಲ, ದೊಡ್ಡತನದ ಬಲದಿಂದ ಇತರರನ್ನು ತುಳಿಯುವುದು ಅಪರಾಧ ಎಂಬುದು ಇದರ ತತ್ತ್ವ. ಈ ಕಾನೂನಿನಂತೆ ಏರ್ಪಟ್ಟ ಸ್ಪರ್ಧಾ ಆಯೋಗವು 2022ರಲ್ಲಿ, ಮೊಬೈಲ್ ಫೋನುಗಳ ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ತನ್ನ ಪ್ರಾಬಲ್ಯವನ್ನು ದುರುಪಯೋಗಪಡಿಸಿಕೊಂಡುದಕ್ಕಾಗಿ ಗೂಗಲ್ ಕಂಪನಿಗೆ 1,337.76 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಮೇಲ್ಮನವಿಯನ್ನು ಕೇಳಿದ ನ್ಯಾಯಮಂಡಳಿಯು 2023ರಲ್ಲಿ ಆಯೋಗದ ಕೆಲವು ಆದೇಶಗಳನ್ನು ತೆಗೆದುಹಾಕಿದರೂ ದಂಡವನ್ನು ಎತ್ತಿಹಿಡಿಯಿತು.

ಹಣದ ದಂಡದಿಂದ ತೀರದ ಅಪರಾಧಗಳೂ ಉಂಟು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕಾರಖಾನೆಯಿಂದ ವಿಷಾನಿಲ ಹೊರಬಿದ್ದು, ಮಲಗಿದ್ದ ಸಾವಿರಾರು ಜನರು ಸತ್ತರು. ಕಾರಖಾನೆಯು ಭಾರತದ ಕಂಪನಿಯದು, ಆ ಕಂಪನಿಯ ಹೆಚ್ಚಿನ ಪಾಲುಗಳು ಅಮೆರಿಕದ ಕಂಪನಿಯವು. ಹೊಣೆ ಯಾರದೆಂಬ ವಾದದಲ್ಲಿಯೇ ವರ್ಷಗಳು ಕಳೆದವು. 1989ರಲ್ಲಿ 47 ಕೋಟಿ ಡಾಲರುಗಳಿಗೆ ಒಪ್ಪಂದವಾಯಿತು. 2010ರಲ್ಲಿ ಇಲ್ಲಿಯ ಕೆಲವು ಅಧಿಕಾರಿಗಳಿಗೆ ಎರಡು ವರ್ಷಗಳ ಶಿಕ್ಷೆಯಾಯಿತು. ಆ ದುರಂತದ ತರುವಾಯ, 1986ರಲ್ಲಿ, ದಿಲ್ಲಿಯ ಇನ್ನೊಂದು ಅನಿಲ ಸೋರಿಕೆಯ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಒಂದು ದಿಟ್ಟ ಮಾತನ್ನು ಹೇಳಿತು. ಅಪಾಯಕರವಾದ ವಸ್ತುವಿನಿಂದ ಲಾಭ ಪಡೆಯುವ ಉದ್ಯಮವು ಅದರಿಂದಾದ ಹಾನಿಗೆ ಯಾವ ನೆಪವನ್ನೂ ಹೇಳದೆ ಪೂರ್ಣವಾಗಿ ಹೊಣೆಯಾಗಬೇಕು. ಉದ್ಯಮವು ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದಾಗಬೇಕು. ನನ್ನ ಮಾವನ ಪ್ರಶ್ನೆಗೆ ಸಮೀಪದ ಉತ್ತರವೊಂದನ್ನು ನಾನು ಕಂಡುದು ಈ ತೀರ್ಪಿನಲ್ಲಿ.

ಹಾಗಾದರೆ ಸಮಾಜವು ಏನು ಮಾಡಬೇಕು? ನನ್ನ ಅಲ್ಪಮತಿಗೆ ತೋರುವುದನ್ನು ಹೇಳುತ್ತೇನೆ. ಪೈಪೋಟಿಯ ಬಾಗಿಲನ್ನು ಯಾರೂ ಮುಚ್ಚದಂತೆ ಕಾನೂನು ಕಾಯಬೇಕು. ಲೆಕ್ಕಪತ್ರಗಳು ಜನರ ಕಣ್ಣಿಗೆ ಬೀಳಬೇಕು. ಕಾನೂನು ಮಾಡುವವನು ಅದೇ ಕಂಪನಿಯ ಹಣದಿಂದ ಆರಿಸಿಬರಬಾರದು, 1695ರ ಪಾಠವದು. ದುಡಿಯುವವರಿಗೆ ಸಂಘ ಕಟ್ಟುವ ಸ್ವಾತಂತ್ರ್ಯವಿರಬೇಕು. ಇಂದು ಮನೆಮನೆಗೆ ಊಟ ತಂದುಕೊಡುವ ತರುಣನ ಮಾಲಿಕನು ಫೋನಿನೊಳಗಿದ್ದಾನೆ. ಮುಖ ಕಾಣದ ಆ ಮಾಲಿಕನನ್ನೂ ಹೊಣೆಗಾರನನ್ನಾಗಿ ಮಾಡಲು ರಾಜಸ್ಥಾನವು 2023ರಲ್ಲಿ, ನಮ್ಮ ಕರ್ನಾಟಕವು 2025ರಲ್ಲಿ ಕಾನೂನುಗಳನ್ನು ತಂದಿವೆ. ದೊಡ್ಡ ಕಂಪನಿಗಳು ಲಾಭದ ಶೇಕಡಾ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕೆಂದು 2013ರ ಕಂಪನಿ ಶಾಸನವು ಹೇಳುತ್ತದೆ. ಅದು ಒಳ್ಳೆಯದೇ. ಆದರೆ ಉಳಿದ ತೊಂಬತ್ತೆಂಟು ಪಾಲು ಹೇಗೆ ಬಂದಿತೆಂದು ಕೇಳುವ ಹಕ್ಕನ್ನು ದಾನ ಪಡೆದವರು ಬಿಟ್ಟುಕೊಡಬಾರದು.

ಕಂಪನಿಗಳನ್ನು ದ್ವೇಷಿಸಿರೆಂದು ನಾನು ಹೇಳುತ್ತಿಲ್ಲ. ನೀವು ಉಣ್ಣುವ ಔಷಧಿ, ಓದುವ ಪುಸ್ತಕದ ಕಾಗದ, ಮನೆಯ ದೀಪ, ಇವುಗಳ ಹಿಂದೆ ಕಂಪನಿಗಳ ಶ್ರಮವಿದೆ. ನಾಳೆ ನಿಮ್ಮಲ್ಲಿ ಹೆಚ್ಚಿನವರು ಯಾವುದಾದರೊಂದು ಕಂಪನಿಯಲ್ಲಿ ಕೆಲಸಕ್ಕೆ ಸೇರುವಿರಿ. ಕೆಲವರು ಕಂಪನಿಯನ್ನೇ ಕಟ್ಟಬಹುದು. ಆಗ ಲೆಕ್ಕದ ಪುಸ್ತಕದ ಆಚೆ ಒಬ್ಬ ನೇಕಾರನೋ, ಒಬ್ಬ ಹೋಟೆಲಿನ ಮಾಣಿಯೋ ಇದ್ದಾನೆಂಬುದನ್ನು ನೆನೆಯಿರಿ. ಅದಕ್ಕೆ ಮುಂಚೆ ಇಂದೇ ಮಾಡಬಹುದಾದ ಅಭ್ಯಾಸವೊಂದುಂಟು. ಬಿಸ್ಕೀಟಿನ ಪೊಟ್ಟಣವನ್ನು ತೆಗೆದುಕೊಂಡರೆ ಅದರ ಮೇಲಿನ ತೂಕ, ಬೆಲೆ, ತಾರೀಖು, ಮಾಡಿದವರ ವಿಳಾಸ ಇವನ್ನು ಓದಿರಿ. ಅವೆಲ್ಲವೂ ಕಾನೂನಿನ ಬಲದಿಂದ ಅಚ್ಚಾದವು. ಗಿರಾಕಿಗೆ ದೂರು ಕೊಡುವ ಹಕ್ಕು 1986ರ ಶಾಸನದಿಂದ ದೊರೆತು 2019ರ ಶಾಸನದಿಂದ ಬೆಳೆದಿದೆ. ಆದರೆ ರಸೀದಿಯನ್ನು ಇಟ್ಟುಕೊಳ್ಳದವನಿಗೆ, ಓದದೆ ರುಜು ಹಾಕುವವನಿಗೆ, ಹಕ್ಕಿದ್ದೂ ಕೈಗೆ ಬರುವುದು ಕಷ್ಟ.

ಅಂದು ಆ ಹುಡುಗಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅಂಗಡಿಯವನ ಕೈಗೆ ದಂಡು ಬಂದುದು ಒಂದೇ ದಿನದಲ್ಲಲ್ಲ. ಮೊದಲು ಏಕಸ್ವಾಮ್ಯ, ಆಮೇಲೆ ಕೋಟೆ, ಆಮೇಲೆ ಕಂದಾಯ, ಹೀಗೆ ಒಂದೊಂದನ್ನು ಯಾರೋ ಬರೆದುಕೊಟ್ಟರು, ಬರೆದುಕೊಡುವಾಗ "ಏಕೆ?" ಎಂದು ಕೇಳುವವರ ಮಾತಿಗೆ ಬೆಲೆಯಿರಲಿಲ್ಲ. ಇಂದು ನಮ್ಮ ಮಾತಿಗೆ ಬೆಲೆಯುಂಟು. ಆ ಹುಡುಗಿಯು ಕೇಳಿದಂತೆ ಕೇಳುತ್ತಲೇ ಇರಿ. ಇತರರು ನಕ್ಕರೂ ಎದ್ದು ನಿಂತು ಕೇಳಿರಿ.